ಒಂದು ಕಿವಿ, ಒಂದು ಕೊರಳು

ನಮ್ಮ ಊರಿನಲ್ಲಿ ವಯಸ್ಸಾದವರು ಎದುರಾದರೆ ಆರೋಗ್ಯ ಹೇಗಿದೆ ಎಂದು ಯಾರೂ ವಿಚಾರಿಸುವುದಿಲ್ಲ. ಜೊತೆಯಲ್ಲಿರುವವರ ಕಡೆಗೆ ತಿರುಗಿ, "ಇವರಿಗೆ ಯಾರು ಉಳಿದರು?" ಎಂದು ಕೇಳುತ್ತಾರೆ. ಅರವತ್ತು ದಾಟಿದ ಮೇಲೆ ಯಾವುದೋ ಒಂದು ಬೆಳಗ್ಗೆ ಇಲ್ಲಿಯವರಿಗೆ ಮನುಷ್ಯರ ಮಾತು ಕೇಳಿಸುವುದು ನಿಂತುಬಿಡುತ್ತದೆ. ಪಾತ್ರೆ ಬಿದ್ದದ್ದು ಕೇಳುತ್ತದೆ, ಕಾಗೆ ಕೂಗಿದ್ದು ಕೇಳುತ್ತದೆ, ರೇಡಿಯೊದಲ್ಲಿ ಪಿಟೀಲು ಕೇಳುತ್ತದೆ; ಹಾಡುವವರು ಮಾತ್ರ ಎದ್ದುಹೋಗಿರುತ್ತಾರೆ. ಹಾಗೆ ಎಲ್ಲರೂ ಎದ್ದುಹೋದ ಸಭೆಯಲ್ಲಿ ಒಂದೇ ಒಂದು ದನಿ ಕುರ್ಚಿ ಬಿಡದೆ ಕೂತಿರುತ್ತದೆ. ಅದು ಯಾರ ದನಿ ಎಂಬುದನ್ನು ಆರಿಸಿಕೊಳ್ಳುವ ಹಕ್ಕು ಯಾರಿಗೂ ಇಲ್ಲ.

ಇದರಿಂದ ಊರು ಕಂಗೆಟ್ಟಿದೆ ಎಂದೇನೂ ಅಲ್ಲ. ವಕೀಲ ಪಂಚಾಕ್ಷರಯ್ಯನವರಿಗೆ ಉಳಿದದ್ದು ಎದುರು ಪಕ್ಷದ ವಕೀಲರ ದನಿ. ಇಬ್ಬರೂ ಈಗ ಒಂದೇ ಕೊಡೆಯಲ್ಲಿ ಕೋರ್ಟಿಗೆ ಹೋಗುತ್ತಾರೆ. ಮೂಲೆಮನೆಯ ಗಿರಿಜವ್ವನಿಗೆ, ಮಾತು ಬಿಟ್ಟು ವರ್ಷಗಳೇ ಆಗಿದ್ದ ಸೊಸೆಯ ದನಿ ಉಳಿಯಿತು. ಆ ಸೊಸೆ ಮೊದಲು ಬೆವೆತಳು, ಆಮೇಲೆ ಹೊಂದಿಕೊಂಡಳು. ಈಗ ಅತ್ತೆಗೆ ಪೇಪರು ಓದಿ ಹೇಳುವಾಗ ತನಗೆ ಹಿಡಿಸದ ಸುದ್ದಿಗಳನ್ನು ಹಾರಿಸಿಬಿಡುತ್ತಾಳೆ. ಊರು ಇವನ್ನೆಲ್ಲ ನೋಡಿ ನಗುತ್ತದೆ, ತನ್ನ ಸರದಿ ಬರುವವರೆಗೆ.

ಒಂದು ಸಂಗತಿಯನ್ನು ಕುರಿತು ಮಾತ್ರ ಯಾರೂ ನಗುವುದಿಲ್ಲ. ಉಳಿಯುವ ದನಿ ಬದುಕಿರುವವರದ್ದೇ ಆಗಬೇಕೆಂಬ ನಿಯಮವಿಲ್ಲ. ತೀರಿಕೊಂಡವರ ದನಿ ಉಳಿದರೆ ಅದು ಮಾತಾಡುವುದಿಲ್ಲವಲ್ಲ. ಅಲ್ಲಿಂದ ಮುಂದೆ ಬರೀ ಪಾತ್ರೆ, ಬರೀ ಕಾಗೆ. ಅಂಥವರನ್ನು 'ಖಾಲಿ ಉಳಿದವರು' ಎನ್ನುತ್ತೇವೆ. ಅವರ ಮನೆಯ ಮುಂದೆ ಹಾಯುವಾಗ ದನಿ ತಗ್ಗಿಸುತ್ತೇವೆ, ಅವರಿಗೆ ಎಲ್ಲಿ ಕೇಳಿಸಿಬಿಡುತ್ತದೋ ಎಂಬಂತೆ.

ಆ ಬೆಳಗಿಗೆ ಒಂದು ಪದ್ಧತಿಯಿದೆ. ಕಿವಿ ಹೋದವರನ್ನು ಜಗಲಿಯ ಮೇಲೆ ಕುರ್ಚಿಯಲ್ಲಿ ಕೂರಿಸುತ್ತಾರೆ. ಅವರು ಕಣ್ಣು ಮುಚ್ಚಿಕೊಳ್ಳಬೇಕು. ಮನೆಯವರು, ನೆಂಟರು, ನೆರೆಯವರು ಚಪ್ಪಲಿ ಬಿಟ್ಟು ಸಾಲಾಗಿ ನಿಂತು, ಒಬ್ಬೊಬ್ಬರಾಗಿ ಮುಂದೆ ಬಂದು ಒಂದೇ ಪ್ರಶ್ನೆ ಕೇಳುತ್ತಾರೆ: "ಕಾಫಿ ಆಯ್ತಾ?" ಯಾರ ಪ್ರಶ್ನೆಗೆ "ಆಯ್ತು" ಎಂಬ ಉತ್ತರ ಬರುತ್ತದೋ ಅವರೇ ಉಳಿದವರು. ಇಂಥ ಗಳಿಗೆಯಲ್ಲಿ ಪ್ರೀತಿಯ ಮಾತನ್ನೇ ಆಡಿ, ಅದು ಕೇಳಿಸದೆ ಹೋದರೆ ಆಡಿದವರ ಗತಿಯೇನು? ಕಾಫಿಯ ಪ್ರಶ್ನೆ ಕೇಳಿಸದಿದ್ದರೆ ಯಾರಿಗೂ ಅಂಥ ಅವಮಾನವಿಲ್ಲ. ಹಿರಿಯರು ಅಷ್ಟು ಮಟ್ಟಿಗೆ ವಿವೇಕಿಗಳಾಗಿದ್ದರು.

ನನ್ನ ಬೆಳಗು ಬಂದಾಗ ನನಗೆ ಯಾವ ಆತಂಕವೂ ಇರಲಿಲ್ಲ. ಉಳಿಯುವುದು ನನ್ನ ಹೆಂಡತಿ ಸರ್ವಮಂಗಳೆಯ ದನಿಯೇ ಎಂಬುದರಲ್ಲಿ ನನಗಾಗಲಿ, ಅವಳಿಗಾಗಲಿ, ಊರಿಗಾಗಲಿ ಅನುಮಾನವಿರಲಿಲ್ಲ. ನನ್ನ ಮೊದಲ ಸಂಕಲನದ ಅರ್ಧ ಪದ್ಯಗಳು ಅವಳ ದನಿಯನ್ನು ಕುರಿತವು. ಉಳಿದರ್ಧ ಅವಳ ಮೌನವನ್ನು ಕುರಿತವು. ಪದ್ಧತಿಯಂತೆ ಸಾಲಿನ ಮೊದಲಿಗೆ ಅವಳು ನಿಂತಳು. ನಾನು ಕಣ್ಣು ಮುಚ್ಚಿದೆ. ಮಲ್ಲಿಗೆಯ ಪರಿಮಳ ಹತ್ತಿರ ಬಂತು, ನಿಂತಿತು, ಸರಿದುಹೋಯಿತು. ಪ್ರಶ್ನೆ ಬರಲಿಲ್ಲ. ಆಮೇಲೆ ಕರ್ಪೂರ ಬಂತು, ನಶ್ಯ ಬಂತು, ಯಾರದೋ ತಲೆಯ ಹರಳೆಣ್ಣೆ ಬಂತು. ಒಂದಕ್ಕೂ ಮಾತಿರಲಿಲ್ಲ. ನಾನೂ ಖಾಲಿ ಉಳಿದೆನೇ ಎಂದುಕೊಳ್ಳುತ್ತಿದ್ದಾಗ, ಗೇಟಿನ ಕಡೆಯಿಂದ ಒಂದು ದನಿ, ಗಂಟೆ ಬಾರಿಸಿದಷ್ಟು ಸ್ಪಷ್ಟವಾಗಿ ಬಂತು:

"ಕವಿಗಳೇ, ನಿಮ್ಮ ಹೊಸ ಪದ್ಯದ ಮೂರನೇ ಸಾಲು ಎಡವುತ್ತೆ."

"ಎಲ್ಲಿ ಎಡವುತ್ತೆ?" ಎಂದು ನಾನು ಕಣ್ಣು ಬಿಟ್ಟೆ.

ಸಾಲಿಗೆ ಸಾಲೇ ಹಿಂದಕ್ಕೆ ತಿರುಗಿತು. ಗೇಟಿನ ಮೇಲೆ ಮೊಳಕೈ ಊರಿ ನಿಂತಿದ್ದವರು ನಂಜುಂಡಾರಾಧ್ಯರು. ನಮ್ಮ ಹಿತ್ತಲಿಗೂ ಅವರ ಹಿತ್ತಲಿಗೂ ನಡುವೆ ಒಂದೇ ಗೋಡೆ. ಊರಿನ ವಾರಪತ್ರಿಕೆಯಲ್ಲಿ ಪುಸ್ತಕ ವಿಮರ್ಶೆ ಬರೆಯುವುದು ಅವರ ಕಸುಬು. ನನ್ನ ಒಂದೊಂದು ಸಂಕಲನವನ್ನೂ ಬಿಡಿಸಿ, ಒಣಗಿಸಿ, ಹುಳುಕು ಹೆಕ್ಕಿ ಹೊರಗಿಟ್ಟವರು. ಮದುವೆಯಾಗಲಿಲ್ಲ. ಸಾಕಿದ ಅಕ್ಕ ತೀರಿಕೊಂಡ ಮೇಲೆ ಒಬ್ಬರೇ ಇದ್ದಾರೆ. ನನಗಿಂತ ಕಿರಿಯರಾದ್ದರಿಂದ ಆಗ ಅವರ ಕಿವಿ ನೆಟ್ಟಗಿತ್ತು. ಯಾರಾದರೂ ಪದ್ಯ ಓದಿದರೆ ಮುಖವನ್ನು ಕಲ್ಲಿನಂತೆ ಇಟ್ಟುಕೊಳ್ಳುತ್ತಾರೆ. ಬಲಗಾಲಿನ ಹೆಬ್ಬೆರಳು ಮಾತ್ರ ಲಯ ಹಿಡಿದು ಅಲ್ಲಾಡುತ್ತಿರುತ್ತದೆ. ಅದೊಂದು ಅವರ ಹಿಡಿತಕ್ಕೆ ಸಿಗದ ಅಂಗ.

ಅವರು ಆಕ್ಷೇಪಿಸಿದ ಪದ್ಯ ಇಷ್ಟೇ:

ಕಿಟಕಿ ತೆರೆದೇ ಇದೆ;
ಒಳಗೆ ಬಂದಿಲ್ಲ ಯಾರೂ.
ಗಾಳಿಯೊಂದು ಚಪ್ಪಲಿ ಬಿಟ್ಟು ನಿಂತಿದೆ ಹೊಸ್ತಿಲಾಚೆ.

"ಗಾಳಿಗೆ ಚಪ್ಪಲಿ ಯಾಕ್ರೀ?" ಎಂದು ಅವರು ಅಷ್ಟು ಜನರ ಮುಂದೆ ಕೇಳಿದರು. ತಮ್ಮ ದನಿ ನನಗೆ ಉಳಿದಿದೆ ಎಂಬುದು ಅವರಿಗೆ ಇನ್ನೂ ಹೊಳೆದಿರಲಿಲ್ಲ. ಮಂಗಳ ಒಳಗೆ ಹೋಗಿ ಕುಕ್ಕರ್ ಇಟ್ಟಳು. ಅದರ ಸೀಟಿ ನನಗೆ ಚೆನ್ನಾಗಿಯೇ ಕೇಳಿಸಿತು.

ಆಮೇಲಿನ ಮೂರು ವರ್ಷ ನನ್ನ ಸಂಸಾರ ಆರಾಧ್ಯರ ಬಾಯಿಂದ ನಡೆಯಿತು. ಸಂಜೆಯಾದರೆ ಅವರು ಹಿತ್ತಲ ಬಾಗಿಲಿನಿಂದ ಬಂದು, ನನಗೂ ಮಂಗಳೆಗೂ ನಡುವೆ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು. ಅವಳು ಹೇಳಿದ್ದನ್ನು ನನಗೆ ದಾಟಿಸುತ್ತಿದ್ದರು. ವಿಮರ್ಶಕರಾದವರು ಬರೀ ದಾಟಿಸುತ್ತಾರೆಯೇ?

"ನಿಮ್ಮ ಶ್ರೀಮತಿಯವರು ನೀವು ಬೆಳಗ್ಗೆ ಹುಳಿಯನ್ನ ಟೀಕಿಸಿದ್ದನ್ನ ಖಂಡಿಸ್ತಾ ಇದ್ದಾರೆ," ಎನ್ನುವರು. "ಖಂಡನೆಯಲ್ಲಿ ಬಿರುಸಿದೆ, ಸ್ವಲ್ಪ ಪುನರುಕ್ತಿಯೂ ಇದೆ. ಒಟ್ಟಿನಲ್ಲಿ ಯಶಸ್ವಿ ಪ್ರಯತ್ನ."

"ಇನ್ನೂ ಏನೋ ಹೇಳ್ತಿದ್ದಾಳಲ್ಲ?"

"ಅದು ನನ್ನನ್ನ ಕುರಿತು. ಅನುವಾದಕ್ಕೆ ಒಗ್ಗೋದಿಲ್ಲ."

ಮಂಗಳ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರೆ, ನಗು ಯಾವ ಮಾತಿಗೆ ಎಂದು ನಾನು ಆರಾಧ್ಯರನ್ನು ಕೇಳಬೇಕು. ಅವರು ಹೇಳುವ ಹೊತ್ತಿಗೆ ನಗು ಮುಗಿದಿರುತ್ತಿತ್ತು. ಅವಳು ನನ್ನ ಮೇಲೆ ಮುನಿಸಿಕೊಂಡಿದ್ದಳು ಎಂದರೆ ಸರಿಯಾಗುವುದಿಲ್ಲ. ಆದರೆ ಮಲ್ಲಿಗೆ ಮುಡಿಯುವುದನ್ನು ಬಿಟ್ಟಿದ್ದಳು.

ಹೀಗಿರುವಾಗ ಹಳೆಯ ಅಂಚೆ ಕಚೇರಿಯ ಕಟ್ಟಡದಲ್ಲಿ ಒಂದು ಶ್ರವಣ ಕೇಂದ್ರ ತೆರೆಯಿತು. ಅದನ್ನು ನೋಡಿಕೊಳ್ಳಲು ಹೊರ ಊರಿನಿಂದ ಬಂದ ಹುಡುಗಿಯ ಹೆಸರು ರುಬೀನಾ. ನಮ್ಮ ಕಿವಿಗಳು ಹೀಗೇಕೆ ಎಂದು ಅವಳು ಕೇಳಲಿಲ್ಲ, ನಾವೂ ಹೇಳಲಿಲ್ಲ. ಅವಳಲ್ಲಿ ಒಂದು ತಂತಿಯಿಲ್ಲದ ಯಂತ್ರವಿತ್ತು. ಅದರ ಒಂದು ತುಂಡು ಹುಣಸೆ ಬೀಜದಷ್ಟು. ಅದನ್ನು ಕೇಳುವವರು ಕಿವಿಯಲ್ಲಿ ಇಟ್ಟುಕೊಳ್ಳಬೇಕು. ಇನ್ನೊಂದು ತುಂಡು ದಾರದಲ್ಲಿ ಪೋಣಿಸಿದ ಪುಟ್ಟ ಮೈಕು. ಅದನ್ನು ಮಾತಾಡುವವರು ಕೊರಳಿಗೆ ಹಾಕಿಕೊಳ್ಳಬೇಕು. ಆ ಕೊರಳಿನ ಮಾತು ನಡುವಿನ ಗಾಳಿ, ಗದ್ದಲ, ದೂರ ಯಾವುದನ್ನೂ ಲೆಕ್ಕಿಸದೆ ನೆಟ್ಟಗೆ ಈ ಕಿವಿಗೆ ಬರುತ್ತದೆ.

ರುಬೀನಾ ಮೊದಲು ಮೈಕನ್ನು ತನ್ನ ಕೊರಳಿಗೇ ಹಾಕಿಕೊಂಡಳು. "ಕೇಳಿಸ್ತಿದೆಯಾ ಸರ್?"

ಮೂರು ವರ್ಷ ಒಂದೇ ದನಿಯನ್ನು ಉಟ್ಟು ಒಗೆದು ಉಟ್ಟವನಿಗೆ, ಇಸ್ತ್ರಿ ಮಾಡಿದ ಹೊಸ ಬಟ್ಟೆ ಕೈಗೆ ಬಂದಂತಾಯಿತು. ತಲೆಯಾಡಿಸಿದೆ.

"ಒಂದು ಕಿವಿಗೆ ಒಂದೇ ಕೊರಳು ಸರ್. ಸದ್ಯಕ್ಕೆ ಅಷ್ಟೇ ಇರೋದು. ಯಾರಿಗೆ ಹಾಕ್ತೀರಿ?" ಎಂದು ಅವಳು ಮೈಕನ್ನು ಕಳಚಿ ನನ್ನ ಅಂಗೈಯಲ್ಲಿ ಇಟ್ಟಳು.

ಮಂಗಳ ಗೋಡೆಯ ಕ್ಯಾಲೆಂಡರು ನೋಡುತ್ತ ನಿಂತಿದ್ದಳು. ಹಿಂದಿನಿಂದ ಹೋಗಿ ಅವಳ ಕೊರಳಿಗೆ ಹಾಕಿದೆ. ಅವಳು ಬಗ್ಗಿ ಅದನ್ನು ನೋಡಿಕೊಂಡಳು. ಆಮೇಲೆ ನನ್ನ ಕಿವಿಯೊಳಗೆ, ನಾನು ಮರೆತೇಬಿಟ್ಟಿದ್ದ ಸಣ್ಣ ಒರಟಿನೊಂದಿಗೆ, ಅವಳ ದನಿ ಬಂತು:

"ಆವಾಗ ಒಂದು ಕಟ್ಟಿದ್ರಿ. ಅದರಿಂದ ನಿಮಗೆ ಇಷ್ಟು ಕೇಳಿಸ್ತಿರಲಿಲ್ಲ ಬಿಡಿ."

ಆ ಮಾತು ಅಂದೇ ಊರೆಲ್ಲ ಹರಡಿತು. ಯಂತ್ರಕ್ಕೆ ಕಂಪನಿಯವರು ಇಟ್ಟ ಹೆಸರು ಯಾರಿಗೂ ನೆನಪಿಲ್ಲ; ನಮ್ಮಲ್ಲಿ ಅದು 'ಎರಡನೇ ತಾಳಿ'.

ರುಬೀನಾ ಅವಳಿಗೆ ಹೇಳಿಕೊಟ್ಟದ್ದನ್ನು ಮಂಗಳ ದಾರಿಯುದ್ದಕ್ಕೂ ನನಗೆ ಒಪ್ಪಿಸಿದಳು: ಮೈಕು ಬಾಯಿಂದ ಒಂದು ಗೇಣು ಕೆಳಗೆ ಇರಬೇಕು, ಸೆರಗು ಉಜ್ಜಬಾರದು, ಸರ ತಾಕಬಾರದು, ಬೇರೆಯವರೊಂದಿಗೆ ಮಾತಾಡುವಾಗ ಗುಂಡಿ ಒತ್ತಿ ಮೈಕಿನ ಬಾಯಿ ಕಟ್ಟಬೇಕು. ಕೊನೆಯದನ್ನು ಹೇಳುವಾಗಲೇ ಅವಳು ಅದನ್ನು ಮರೆತಳು ಎಂದು ಕಾಣುತ್ತದೆ. ಮನೆಗೆ ಬಂದವಳೇ ಬಚ್ಚಲಿನಿಂದ ಕೂಗಿದಳು, "ರೀ, ಒಲೆ ಮೇಲೆ ಹಾಲಿಟ್ಟಿದೀನಿ, ನೋಡ್ಕೊಳ್ಳಿ." ಎರಡು ಗೋಡೆಗಳ ಆಚೆಯಿಂದ ಆ ವಾಕ್ಯ ಹನಿಯೂ ಚೆಲ್ಲದೆ ನನ್ನನ್ನು ತಲುಪಿತು. ಅದು ತಲುಪಿದ ರೀತಿಯನ್ನೇ ಮೆಚ್ಚುತ್ತ ಕೂತೆ. ಹಾಲು ಉಕ್ಕಿ ಹರಿಯಿತು.

"ಕೇಳಿಸ್ಲಿಲ್ವಾ?"

"ಕೇಳಿಸ್ತು."

"ಮತ್ತೆ?"

"ಚೆನ್ನಾಗಿತ್ತು," ಎಂದೆ.

ಹಾಲಿನ ಕಲೆ ಒರೆಸುತ್ತ ಅವಳು ಮೂರು ವರ್ಷದ ಬಾಕಿ ಮಾತುಗಳನ್ನೆಲ್ಲ ಆಡತೊಡಗಿದಳು. ಆಗ ತಿಳಿದ ಒಂದು ಸತ್ಯ ನನ್ನನ್ನು ಎದ್ದು ನಿಲ್ಲಿಸಿತು. ಗಾಳಿಯ ಚಪ್ಪಲಿಯ ಪದ್ಯ ತನಗೆ ಬಹಳ ಇಷ್ಟವೆಂದು ಅವಳು ಆರಾಧ್ಯರ ಕೈಲಿ ನನಗೆ ಎಷ್ಟೋ ಸಲ ಹೇಳಿಕಳಿಸಿದ್ದಳಂತೆ. ಒಂದು ಸಲವೂ ಅದು ನನ್ನನ್ನು ತಲುಪಿರಲಿಲ್ಲ. ಹುಳಿಯ ಖಂಡನೆ ಅಲ್ಪವಿರಾಮವೂ ಬಿಡದೆ ತಲುಪಿತ್ತು.

"ಅವರನ್ನ ಕೇಳೇ ಬಿಡ್ತೀನಿ," ಎಂದೆ.

ಕೇಳಲು ಅವರು ಬರಬೇಕಲ್ಲ. ಎರಡನೇ ತಾಳಿ ಬಂದ ಮೇಲೆ ಆರಾಧ್ಯರು ಬರುವುದನ್ನು ನಿಲ್ಲಿಸಿದರು. ಮೊದಮೊದಲು ಅದು ಗಮನಕ್ಕೇ ಬರಲಿಲ್ಲ. ನನ್ನ ಕಿವಿಯಲ್ಲಿ ದಿನವಿಡೀ ಮಂಗಳ ಇದ್ದಳು. ಬಾಯಿ ಕಟ್ಟುವ ಗುಂಡಿಯನ್ನು ಅವಳು ಒತ್ತುತ್ತಲೇ ಇರಲಿಲ್ಲವಾದ್ದರಿಂದ, ಸೊಪ್ಪಿನವಳೊಡನೆ ನನ್ನ ನಿದ್ದೆಯ ಗೊರಕೆಯನ್ನು ಕುರಿತು ಅವಳು ನಡೆಸಿದ ಚರ್ಚೆ ನನಗೆ ಪಡಸಾಲೆಯಲ್ಲಿ ಕೇಳುತ್ತಿತ್ತು. "ಪದ್ಯದಲ್ಲಿ ಇಲ್ಲದ ಲಯವೆಲ್ಲ ಗೊರಕೆಯಲ್ಲಿದೆ ಕಣಮ್ಮ" ಎಂದು ಅವಳು ಹೇಳಿದ ದಿನ, ಇದು ಆರಾಧ್ಯರ ಸಹವಾಸದ ಫಲ ಎಂದು ಅಂದುಕೊಂಡೆ. ಆಗಲೇ ಅವರು ಬಾರದಿದ್ದುದು ನೆನಪಾದದ್ದು. ಹೊಸದಾಗಿ ಬರೆದ ಪದ್ಯಗಳೆಲ್ಲ ನನಗೆ ಚೆನ್ನಾಗಿಯೇ ಕಾಣತೊಡಗಿದ್ದವು. ಕವಿಗೆ ಇದಕ್ಕಿಂತ ಅಪಾಯದ ಕಾಯಿಲೆ ಇಲ್ಲ.

ಒಂದು ಮಧ್ಯಾಹ್ನ ಮಂಗಳ ಬಟ್ಟೆ ಒಣಹಾಕಲು ಹಿತ್ತಲಿಗೆ ಹೋದಳು. ನಾನು ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದೆ.

"ಏನು ಆರಾಧ್ಯರೇ, ಗೋಡೆ ಮೇಲೆ ತಲೆ ಮಾತ್ರ ಕಾಣುತ್ತೆ, ಇಡೀ ಮನುಷ್ಯ ಕಾಣೋದೇ ಇಲ್ಲ?" ಎಂಬ ಅವಳ ಮಾತು ನನ್ನ ಕಿವಿಗೆ ಬಂತು. ಮೈಕಿನ ಹತ್ತಿರ ನಿಂತವರ ಮಾತೂ ಅದರೊಳಗೆ ತುಸು ನುಸುಳುತ್ತದೆ. ಹಾಗೆ ಆರಾಧ್ಯರ ದನಿಯೂ ಬಂತು:

"ನನ್ನ ಕೆಲಸಾನ ನೀವು ಕೊರಳಿಗೆ ಹಾಕ್ಕೊಂಡುಬಿಟ್ರಲ್ಲ ತಾಯಿ."

ಇದನ್ನು ಕೇಳಿಸಿಕೊಳ್ಳುವುದು ಸಭ್ಯತೆಯಲ್ಲವೆಂದು ನನಗೆ ಗೊತ್ತಿತ್ತು. ಯಂತ್ರವನ್ನು ತೆಗೆಯಲೆಂದು ಕೈ ಕಿವಿಯವರೆಗೆ ಹೋಯಿತು. ಅಲ್ಲೇ ತಲೆ ಕೆರೆದುಕೊಂಡು ವಾಪಸು ಬಂತು.

"ಮುಖ ಯಾಕೆ ಹಾಗಿದೆ? ಊಟ ಆಗಿಲ್ವಾ?"

"ನನ್ನದೂ ಹತ್ತಿರ ಬಂತು ಅಂತ ಕಾಣುತ್ತೆ, ಮಂಗಳಮ್ಮ. ಎರಡು ದಿನದಿಂದ ಹಾಲಿನವನ ಮಾತು ತೆಳುವಾಗಿದೆ. ನೀರು ಹಾಕ್ತಿರೋದು ಹಾಲಿಗಷ್ಟೇ ಅಲ್ಲ ಅಂತ ಅಂದ್ಕೊಂಡೆ. ಈಗ ನಿಮ್ಮದೂ ತೆಳುವಾಗಿದೆ."

ಮಂಗಳ, "ಆದರೆ ಆಗಲಿ. ರುಬೀನಾ ಹತ್ರ ನಿಮಗೂ ಒಂದು ಇಂಥದು ಕೊಡಿಸೋಣ," ಎಂದಳು.

"ಯಂತ್ರ ಕೊಡ್ತಾರೆ ತಾಯಿ. ಕೊರಳು ಯಾರು ಕೊಡ್ತಾರೆ? ತಗೊಂಡು ಗೂಟಕ್ಕೆ ನೇತುಹಾಕಲಾ?" ಅವರು ನಕ್ಕರು, ನಗು ಚೆನ್ನಾಗಿರಲಿಲ್ಲ. "ನನಗೆ ಭಯ ಅದಲ್ಲ. ನನ್ನನ್ನ ಮಾತಾಡಿಸಿ ಬೆಳೆಸಿದೋಳು ಅಕ್ಕ. ಉಳಿಯೋದಾದರೆ ಅವಳ ದನಿಯೇ ಉಳಿಯುತ್ತೆ, ನ್ಯಾಯವಾಗಿ. ಅವಳು ಹೋಗಿ ಎಷ್ಟು ಕಾಲ ಆಯ್ತು! ಖಾಲಿ ಉಳೀತೀನಿ."

"ನಮ್ಮ ಇವರ ದನಿ ಉಳೀಬಹುದಲ್ಲ?"

"ಅಯ್ಯೋ, ಶಾಪ ಹಾಕಬೇಡಿ. ಸಾಯೋವರೆಗೂ ಗಾಳಿ ಚಪ್ಪಲಿ ಕೇಳ್ಕೊಂಡು ಕೂರಬೇಕಾ ನಾನು?"

ಮಂಗಳ ನಕ್ಕಳು. ನಾನು ಪಡಸಾಲೆಯಲ್ಲಿ ನಗಲಿಲ್ಲ. ಆಮೇಲೆ ಅವರು ದನಿ ತಗ್ಗಿಸಿ ಇನ್ನೂ ಏನೋ ಹೇಳಿದರು. ಅಷ್ಟರಲ್ಲಿ ಅವಳು ಬಟ್ಟೆಯ ಬಕೆಟ್ಟಿಗೆ ಬಗ್ಗಿದಳೇನೋ, ಸೆರಗು ಮೈಕಿಗೆ ಉಜ್ಜಿ, ಒಣಗಿದ ಎಲೆಗಳ ಮೇಲೆ ಯಾರೋ ನಡೆದಂಥ ಸದ್ದಿನಲ್ಲಿ ಆ ಮಾತು ಹರಿದುಹೋಯಿತು. ಅದು ಮುಗಿದ ಮೇಲೆ ಕೇಳಿಸಿದ್ದು ಮಂಗಳೆಯ ಒಂದೇ ಮಾತು: "ನೀವೂ ಸರಿ, ಅವರೂ ಸರಿ."

ಬಹಳ ದಿನ ಕಾಯಬೇಕಾಗಲಿಲ್ಲ. ಒಂದು ಬೆಳಗ್ಗೆ ಮಂಗಳ ಹಿತ್ತಲಿನಿಂದ ಓಡುತ್ತ ಬಂದಳು. ಅವಳ ಏದುಸಿರು ಅವಳಿಗಿಂತ ಮೊದಲು ನನ್ನ ಕಿವಿಗೆ ಬಂತು. "ರೀ, ಹಾಲಿನವನು ಕೂಗಿ ಕೂಗಿ ಸಾಕಾಗಿ ನಮ್ಮನೆ ಬಾಗಿಲಿಗೆ ಬಂದಿದಾನೆ. ಆರಾಧ್ಯರು ತಾವೇ ಜಗಲಿಗೆ ಕುರ್ಚಿ ಹಾಕ್ಕೊಂಡು ಕಣ್ಣು ಮುಚ್ಕೊಂಡು ಕೂತಿದಾರಂತೆ."

ಎಲ್ಲರನ್ನೂ ಯಾರಾದರೂ ಕೂರಿಸುತ್ತಾರೆ. ತಾವಾಗಿ ಕುರ್ಚಿ ತಂದು ಕೂತವರನ್ನು ನಮ್ಮ ಊರು ಅದಕ್ಕೆ ಮುಂಚೆ ಕಂಡಿರಲಿಲ್ಲ. ನಾವು ಹೋಗುವಷ್ಟರಲ್ಲಿ ಅವರ ಅಂಗಳದ ತುಂಬ ಚಪ್ಪಲಿಗಳಿದ್ದವು. ಅವರ ವಿಮರ್ಶೆಯಲ್ಲಿ ಏಟು ತಿಂದ ಕವಿಗಳೆಲ್ಲ ಬಂದಿದ್ದರು. ಹೊಗಳಿಸಿಕೊಂಡವರು, ಅವರು ಇಬ್ಬರೇ, ಅವರೂ ಬಂದಿದ್ದರು. ಸಾಲಿನ ಮೊದಲಿಗೆ ಮನೆಯವರು ನಿಲ್ಲುವ ಜಾಗವನ್ನು ಯಾರೂ ತೆಗೆದುಕೊಳ್ಳದೆ, ಅಷ್ಟಗಲ ನೆಲ ಬರಿದಾಗಿತ್ತು. ಮಂಗಳ ಮುಂದಿನವರ ಜೊತೆಗೆ ಸೇರಿದಳು. ನಾನು ಕೊನೆಗೆ ಹೋಗಿ ನಿಂತೆ. ಕೊನೆ ಬರುವವರೆಗೆ ಆಸೆ ಇಟ್ಟುಕೊಳ್ಳಬಹುದಲ್ಲ ಎಂಬ ಲೆಕ್ಕ.

ಒಬ್ಬೊಬ್ಬರೇ ಹೋದರು, ಕೇಳಿದರು, ಬಂದರು. ಆರಾಧ್ಯರು ಅಲ್ಲಾಡಲಿಲ್ಲ. ಶುಭ್ರವಾದ ಪಂಚೆ ಉಟ್ಟಿದ್ದರು, ತಲೆ ಬಾಚಿಕೊಂಡಿದ್ದರು. ಮಂಗಳ ಕೇಳಿ, ತುಸು ಹೊತ್ತು ಕಾದು, ಸರಿದು ಹೋಗಿ ನುಗ್ಗೆಮರದ ಕೆಳಗೆ ನಿಂತಳು. ಪಂಚಾಕ್ಷರಯ್ಯನವರು ಕೇಳಿದರು. ಗಿರಿಜವ್ವನ ಸೊಸೆ ಕೇಳಿದಳು. ಕೊನೆಗೆ ನನ್ನ ಸರದಿ. ಹತ್ತಿರ ಹೋಗಿ, ನನ್ನ ಜೀವಮಾನದಲ್ಲಿ ಯಾವ ಸಾಲನ್ನೂ ಅಷ್ಟು ಎಚ್ಚರದಿಂದ ಓದಿರಲಾರೆ, ಹಾಗೆ ಹೇಳಿದೆ:

"ಕಾಫಿ ಆಯ್ತಾ?"

ಮುಖ ಕಲ್ಲಿನಂತಿತ್ತು. ಕಾದೆ. ಇನ್ನೊಂದು ಸಲ ಕೇಳುವಂತಿಲ್ಲ. ಪದ್ಧತಿ ಒಂದೇ ಸಲ. ಹಿಂದಕ್ಕೆ ತಿರುಗಿದೆ. ಜನರ ಮಾತು ನನಗೆ ಕೇಳಿಸದಿದ್ದರೂ ಅದು ತಗ್ಗಿದ್ದು ಕಾಣಿಸಿತು. ತುಟಿಗಳೆಲ್ಲ ಚಿಕ್ಕದಾಗಿ ಅಲ್ಲಾಡುತ್ತಿದ್ದವು. ಒಬ್ಬಿಬ್ಬರು ಸದ್ದಾಗದಂತೆ ಚಪ್ಪಲಿಗೆ ಕಾಲು ತೂರಿಸುತ್ತಿದ್ದರು. ಖಾಲಿ ಉಳಿದವರ ಮನೆಯಿಂದ ಜನ ಹಾಗೆಯೇ ಹೋಗುವುದು.

ಆಗ ನನ್ನ ಕಿವಿಯೊಳಗೆ ಮಂಗಳ ಮಾತಾಡಿದಳು. ಅವಳು ಅಷ್ಟು ದೂರ ನುಗ್ಗೆಮರದ ಕೆಳಗೆ, ಯಾರಿಗೂ ಗೊತ್ತಾಗದಂತೆ ಗದ್ದ ತಗ್ಗಿಸಿ ನಿಂತಿದ್ದಳು.

"ರೀ, ಸುಳ್ಳು. ಅವರಿಗೆ ಕೇಳಿಸಿದೆ. ನೀವು ಕೇಳಿದಾಗ ಹೆಬ್ಬೆರಳು ಅಲ್ಲಾಡ್ತು."

ನಾನು ಅವಳ ಕಡೆಗೆ ನೋಡಿದೆ.

"ನನ್ನನ್ನ ನೋಡಬೇಡಿ, ಅವರನ್ನ ನೋಡಿ. ಅವತ್ತು ಗೋಡೆ ಹತ್ರ ಹೇಳಿದ್ರು ಈ ಮಾತು. 'ಕವಿಗಳ ದನಿ ಉಳಿದರೂ ನಾನು ಒಪ್ಪಿಕೊಳ್ಳಲ್ಲ ತಾಯಿ. ಮೂರು ವರ್ಷ ಆದಮೇಲೆ ಮನುಷ್ಯನಿಗೆ ಹೆಂಡತಿ ಮಾತು ಸಿಕ್ಕಿದೆ. ಈಗ ನನ್ನ ಹತ್ರ ಬಂದು ಕೂರು ಅಂತ ಕಟ್ಟಿಹಾಕೋದು ಬೇಡ' ಅಂದ್ರು. ನಾನು ತಮಾಷೆ ಅಂದ್ಕೊಂಡೆ. ಏನಾದರೂ ಮಾಡ್ರೀ."

ಕುರ್ಚಿಯಲ್ಲಿ ಆರಾಧ್ಯರು ಕಣ್ಣು ಮುಚ್ಚಿಯೇ ಕೂತಿದ್ದರು. ಬೇರೆಯವರ ಪದ್ಯಕ್ಕೆ ದಯೆ ತೋರದ ಮನುಷ್ಯ ನನ್ನ ಸಂಸಾರಕ್ಕೆ ದಯೆ ತೋರಲು ಹೊರಟಿದ್ದರು, ಅದೂ ತಮ್ಮ ಉಳಿದ ಆಯುಷ್ಯವನ್ನು ಪಾತ್ರೆಗೂ ಕಾಗೆಗೂ ಕೊಟ್ಟು. ನನಗೆ ಕೋಪ ಬಂತು. ಆಮೇಲೆ, ಇಷ್ಟು ವರ್ಷ ನನ್ನನ್ನು ಓದಿದವರ ದೌರ್ಬಲ್ಯ ನನಗೂ ಸ್ವಲ್ಪ ಗೊತ್ತಿರಬೇಕಲ್ಲ ಎನಿಸಿತು. ಅಂಗಳದ ನಡುವೆ, ಚಪ್ಪಲಿಗಳ ನಡುವೆ ನಿಂತು ಓದತೊಡಗಿದೆ:

"ಕಿಟಕಿ ತೆರೆದೇ ಇದೆ;
ಒಳಗೆ ಬಂದಿಲ್ಲ ಯಾರೂ."

ಹೋಗುತ್ತಿದ್ದವರು ನಿಂತರು. ಹೆಬ್ಬೆರಳು ಮೇಲೆದ್ದಿತು.

"ಗಾಳಿಯೊಂದು ಚಪ್ಪಲಿ ಹಾಕಿಕೊಂಡು ನಿಂತಿದೆ ಹೊಸ್ತಿಲಾಚೆ."

ಹೆಬ್ಬೆರಳು ಅಲ್ಲೇ ತಡೆದು ನಿಂತಿತು. ಆರಾಧ್ಯರ ಹುಬ್ಬು ಗಂಟಿಕ್ಕಿತು. ಮುಖದ ಕಲ್ಲು ಸ್ವಲ್ಪ ಹೊತ್ತು ತಡೆದುಕೊಂಡಿತು. ನಾನು ಇನ್ನೊಂದು ಸಲ, ಇನ್ನೂ ರಾಗವಾಗಿ, "ಗಾಳಿಯೊಂದು ಚಪ್ಪಲಿ ಹಾಕಿಕೊಂಡು..." ಎಂದು ಎಳೆದೆ.

"ಬಿಟ್ಟು!" ಎಂದು ಅವರು ಕುರ್ಚಿಯಿಂದ ಎದ್ದೇಬಿಟ್ಟರು. "ಚಪ್ಪಲಿ ಬಿಟ್ಟು ಕಣ್ರೀ! ಹಾಕ್ಕೊಂಡು ಅಂದ್ರೆ ಅದು ಹೊರಟುಹೋಗೋ ಗಾಳಿ. ಬಿಟ್ಟಿದೆ ಅಂದ್ರೆ ಒಳಗೆ ಬರೋದಕ್ಕೆ ಕಾಯ್ತಾ ಇರೋ ಗಾಳಿ. ಇಡೀ ಪದ್ಯ ಆ ಒಂದು ಮಾತಿನ ಮೇಲೆ ನಿಂತಿದೆ. ನಿಮ್ಮ ಪದ್ಯ ನಿಮಗೇ ಗೊತ್ತಿಲ್ಲ ಅಂದ್ರೆ..."

ಅಲ್ಲಿಗೆ ಅವರು ನಿಲ್ಲಿಸಿದರು. ಕಣ್ಣು ತೆರೆದಿತ್ತು. ಎದುರಿಗೆ ಇಡೀ ಊರು ನಿಂತಿತ್ತು, ಅರ್ಧ ಜನರ ಕಾಲು ಚಪ್ಪಲಿಯ ಒಳಗೆ, ಅರ್ಧ ಜನರದು ಹೊರಗೆ.

"ಮೂರನೇ ಸಾಲು ಎಡವುತ್ತೆ ಅಂತ ಇದ್ರಲ್ಲ?" ಎಂದೆ.

"ಎಡವುತ್ತೆ," ಎಂದು ಅವರು ಕೂತರು. "ಎಡವೋದರಲ್ಲೇ ಅದರ ಸೊಗಸು. ಅದನ್ನ ಬರೆದಿದ್ದೆ, ಪತ್ರಿಕೆಯವರು ಜಾಗ ಇಲ್ಲ ಅಂತ ತೆಗೆದ್ರು." ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು. ಅವರು ಪಂಚೆಯ ತುದಿಯಿಂದ ಕನ್ನಡಕ ಒರೆಸಿಕೊಂಡರು. ಕನ್ನಡಕದಲ್ಲಿ ಏನೂ ಆಗಿರಲಿಲ್ಲ.

ಮಂಗಳ ನುಗ್ಗೆಮರದ ಕೆಳಗಿನಿಂದ ಬಂದಳು. ಬರುತ್ತಲೇ ಆರಾಧ್ಯರ ಮುಂದೆ ಕೈ ಆಡಿಸಿ ಬೈಯತೊಡಗಿದಳು. ಅವರಿಗೆ ಅವಳ ತುಟಿಗಳು ಮಾತ್ರ ಕಾಣುತ್ತಿದ್ದವು. ಅವರು ನನ್ನ ಕಡೆಗೆ ತಿರುಗಿದರು. ಮೂರು ವರ್ಷ ನಾನು ಅವರ ಕಡೆಗೆ ತಿರುಗುತ್ತಿದ್ದ ಹಾಗೆಯೇ.

"ಏನಂತೆ ನಿಮ್ಮ ಶ್ರೀಮತಿಯವರು?"

ಆಗ ನನಗೆ ಹೊಳೆಯಿತು. ಇನ್ನು ಮುಂದೆ ಈ ಮನುಷ್ಯನಿಗೆ ಲೋಕದ ಮಾತೆಲ್ಲ ನನ್ನ ಬಾಯಿಂದಲೇ ದಾಟಬೇಕು. ಸಂಪಾದಕನ ಕುರ್ಚಿ ಈಗ ನನ್ನದು.

"ಗಾಳಿಯ ಚಪ್ಪಲಿಯ ಪದ್ಯ ಈ ಊರಿನಲ್ಲಿ ಹುಟ್ಟಿದ ಪದ್ಯಗಳಲ್ಲೇ ಶ್ರೇಷ್ಠ ಅಂತಿದ್ದಾಳೆ," ಎಂದೆ. "ಶೈಲಿಯಲ್ಲಿ ಸ್ವಲ್ಪ ಪುನರುಕ್ತಿ ಇದೆ, ಆದರೆ ವಾದ ಗಟ್ಟಿಯಾಗಿದೆ."

"ಅವರು ಹಾಗೆ ಅಂದಿರಲಾರರು."

"ರೀ, ನಾನು ಅಂದದ್ದನ್ನ ಹೇಳ್ತೀರೋ ಇಲ್ವೋ?" ಎಂದು ಮಂಗಳ ನನ್ನ ಕಿವಿಯೊಳಗೆ ಗದರಿದಳು. ಆಮೇಲೆ ದನಿ ಇಳಿಸಿದಳು. "ಹೋಗಲಿ, ಒಂದು ಮಾತು ಕೇಳಿ ಅವರನ್ನ. ಬೆಳಗ್ಗೆಯಿಂದ ಇಡೀ ಊರು ಕೇಳಿದ್ದೇ ಕೇಳಿದ್ದು, ಒಬ್ಬರಾದರೂ ಒಂದು ಲೋಟ ತಂದುಕೊಟ್ಟರಾ? ನಿಜವಾಗಲೂ ಕಾಫಿ ಆಯ್ತಾ ಅಂತ ಕೇಳಿ."

ಇದನ್ನು ಮಾತ್ರ ನಾನು ತಿದ್ದಲಿಲ್ಲ. ಅವಳು ಹೇಳಿದ ಹಾಗೆಯೇ, ಅವಳ ಏರಿಳಿತದಲ್ಲಿಯೇ ದಾಟಿಸಿದೆ.

"ಆರಾಧ್ಯರೇ, ನಿಜವಾಗಲೂ ಕಾಫಿ ಆಯ್ತಾ?"

ಅವರು ಅಂಗಳವನ್ನು ನೋಡಿದರು. ಆ ಮನೆಯ ಮುಂದೆ ಎಂದೂ ಇಲ್ಲದಷ್ಟು ಚಪ್ಪಲಿಗಳನ್ನು ನೋಡಿದರು. ನಮ್ಮ ಊರಿನಲ್ಲಿ ಆ ಪ್ರಶ್ನೆಗೆ ಬೇರೆ ಉತ್ತರವಿದೆ ಎಂದು ಅದುವರೆಗೆ ಯಾರಿಗೂ ತೋಚಿರಲಿಲ್ಲ.

"ಇಲ್ಲ," ಎಂದರು. "ಆಗಿಲ್ಲ."

ಮಂಗಳ ನನ್ನ ಪಕ್ಕದಲ್ಲಿ ಇರಲಿಲ್ಲ. ತೆರೆದೇ ಇದ್ದ ಬಾಗಿಲಿನಿಂದ ಅವರ ಅಡುಗೆಮನೆಗೆ ಹೋಗಿಬಿಟ್ಟಿದ್ದಳು. ಎಂದಿನಂತೆ ಗುಂಡಿ ಒತ್ತುವುದನ್ನು ಮರೆತಿದ್ದಳು. ಬೆಂಕಿಕಡ್ಡಿ ಗೀರಿದ್ದು ನನ್ನ ಕಿವಿಗೆ ಬಂತು, ಪಾತ್ರೆ ಇಟ್ಟದ್ದು ಬಂತು. ಆಮೇಲೆ, ತುಂಬ ಹತ್ತಿರದಲ್ಲಿ, ಹಾಲು ಮೆಲ್ಲಗೆ ಏಳುವ ಸದ್ದು.